ಮುಂದಿನ ಹಲ್ಲಿಗೆ ಮಾತ್ರ ಕೂರುವ ಸ್ಪ್ಲಿಂಟ್ ಕೊಟ್ಟು ‘ಹಗಲು ರಾತ್ರಿ ಹಾಕ್ಕೊಳ್ಳಿ’ ಅಂದರೆ ಒಪ್ಪಬೇಡಿ

ನಿದ್ದೆಯಲ್ಲಿ ಹಲ್ಲು ಕಡಿಯುವವರು, ಬಾಯಿ ತೆರೆದರೆ ಕಿವಿ ಹತ್ತಿರ ‘ಟಕ್’ ಅನ್ನುವವರು ಇದನ್ನು ಓದಿ. ಸ್ಪ್ಲಿಂಟ್ ಅಂದರೆ ಹಲ್ಲಿನ ಮೇಲೆ ಕೂರಿಸಿ ತೆಗೆಯುವ ಪ್ಲಾಸ್ಟಿಕ್ ಕವಚ. ಅದೇ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನನಗೆ ಕೊಟ್ಟದ್ದು ಕೆಟ್ಟದ್ದು, ಕೊಟ್ಟ ರೀತಿ ಇನ್ನೂ ಕೆಟ್ಟದ್ದು.

ಬೆಳಿಗ್ಗೆ ಎದ್ದರೆ ದವಡೆ ಬಿಗಿ, ಕೆನ್ನೆ ನೋವು. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಮೇಲಿನ ಮುಂದಿನ ಹಲ್ಲುಗಳಿಗೆ ಮಾತ್ರ ಕೂರುವ ಪುಟ್ಟ ಪ್ಲಾಸ್ಟಿಕ್ ತುಂಡು ಕೊಟ್ಟು, ಊಟಕ್ಕೆ ಮಾತ್ರ ತೆಗೆಯಿರಿ, ಮಿಕ್ಕ ಹೊತ್ತೆಲ್ಲ ಬಾಯಲ್ಲೇ ಇರಲಿ ಅಂದರು. ಮತ್ತೆ ಬಂದು ತೋರಿಸಿ ಅಂತ ಹೇಳಲೇ ಇಲ್ಲ. ನೋವೇನೋ ಕಮ್ಮಿಯಾಯಿತು. ಆದರೆ ಕೆಲವು ತಿಂಗಳಲ್ಲಿ ಸ್ಯಾಂಡ್‌ವಿಚ್ ಕಚ್ಚಿ ಎಳೆದರೆ ಒಳಗಿನ ಸೌತೆಕಾಯಿ ಬಿಲ್ಲೆ ತುಂಡಾಗದೆ ಇಡಿಯಾಗಿ ಹೊರಗೆ ಬರತೊಡಗಿತು!

ಆಗಿದ್ದು ಇಷ್ಟು. ಮುಂದಿನ ತುಂಡಿನ ಮೇಲೆ ಕಚ್ಚಿದಾಗ ಹಿಂದಿನ ಹಲ್ಲುಗಳು ಒಂದಕ್ಕೊಂದು ತಾಗುವುದಿಲ್ಲ. ಎದುರು ಏನೂ ತಾಗದ ಹಲ್ಲು ಸುಮ್ನೆ ಇರುವುದಿಲ್ಲ, ನಿಧಾನಕ್ಕೆ ಎದುರು ಹಲ್ಲಿನ ಕಡೆ ಇಳಿದು ಬರುತ್ತದೆ. ಆಮೇಲೆ ಬಾಯಿ ಮುಚ್ಚಿದರೆ ಹಿಂದೆ ಮೊದಲು ತಾಗಿ ಮುಂದೆ ಸಂದಿ ಉಳಿಯುತ್ತದೆ.

ಅದೇ ಕ್ಲಿನಿಕ್‌ಗೆ ಹೋಗಿ ಹೇಳಿದರೆ, ನಿಮ್ಮ ಬೈಟೇ (ಮೇಲಿನ ಕೆಳಗಿನ ಹಲ್ಲು ಕೂರುವ ರೀತಿ) ಸರಿಯಿಲ್ಲ, ಹಿಂದಿನ ಹಲ್ಲೆಲ್ಲ ಅರೆದು ಕ್ಯಾಪ್ ಹಾಕಬೇಕು, ಇಎಂಐ ಮಾಡಿಕೊಡುತ್ತೇವೆ ಅಂದರು. ಎಷ್ಟು ಧೈರ್ಯ ಅಲ್ವಾ?

ಸರ್ಕಾರಿ ಡೆಂಟಲ್ ಕಾಲೇಜಿನಲ್ಲಿ ತೋರಿಸಿದೆ. ನೀಲಿ ಬಣ್ಣದ ತೆಳು ಕಾಗದ ಕಚ್ಚಿಸಿದರು. ಹಿಂದೆ ಗುರುತು ಬಿತ್ತು, ಮುಂದೆ ಕಾಗದ ಸಲೀಸಾಗಿ ಜಾರಿ ಬಂತು. ಆ ತುಂಡು ನಿಲ್ಲಿಸಿ, ಒಂದು ಹಲ್ಲನ್ನೂ ಅರೆಸಬೇಡಿ ಅಂದರು. ದವಡೆ ಕೀಲಿನ ತೊಂದರೆಗೆ ಹಲ್ಲಿನ ಕಚ್ಚುವಿಕೆಯನ್ನೇ ಶಾಶ್ವತವಾಗಿ ಬದಲಿಸುವ ಚಿಕಿತ್ಸೆ ಬೇಡ ಅಂತ ಅಮೆರಿಕದ ಸರ್ಕಾರಿ ದಂತ ಸಂಶೋಧನಾ ಸಂಸ್ಥೆ ಎನ್‌ಐಡಿಸಿಆರ್ ಕೂಡ ಹೇಳುತ್ತದೆ. ನೋವಿಲ್ಲದ ಬರೀ ‘ಟಕ್’ ಶಬ್ದಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಿಲ್ಲವಂತೆ.

ಸ್ಪ್ಲಿಂಟ್ ಹಲ್ಲು ಸವೆಯದಂತೆ ಕಾಯುತ್ತದೆ, ಕಡಿಯುವ ಅಭ್ಯಾಸ ಬಿಡಿಸುವುದಿಲ್ಲ. ಬೇಕೇ ಬೇಕಾದರೆ ಒಂದು ಸಾಲಿನ ಎಲ್ಲ ಹಲ್ಲೂ ಮುಚ್ಚುವಂಥದ್ದು ಕೇಳಿ, ರಾತ್ರಿ ಮಾತ್ರ ಹಾಕಿ, ಆಗಾಗ ತೋರಿಸುತ್ತಿರಿ. ಮತ್ತೆ, ಹಾಕುವ ಮುಂಚೆ ಮೇಲಿನ ಕೆಳಗಿನ ಹಲ್ಲಿನ ಅಚ್ಚು ತೆಗೆಸಿ ನೀವೇ ಇಟ್ಟುಕೊಳ್ಳಿ. ಆ ಮೊದಲ ಕ್ಲಿನಿಕ್‌ನಲ್ಲಿ ನನ್ನ ಅಚ್ಚು ಕೇಳಿದ್ದಕ್ಕೆ ‘ಎಸೆದುಬಿಟ್ವಿ ಮೇಡಂ’ ಅಂದರು. ಮೊದಲು ನನ್ನ ಹಲ್ಲು ಹೇಗೆ ಕೂರುತ್ತಿತ್ತು ಅನ್ನೋದಕ್ಕೆ ಈಗ ಸಾಕ್ಷಿಯೇ ಇಲ್ಲ.