ಜೆಲ್ಲೋ, 'ವಿಭೂತಿ'ಯೋ: ಬಿಜಾಪುರದ ಬಿಸಿಲಿಗೆ ನಾನು ಹಚ್ಚಿ ನೋಡಿದ ಸನ್‌ಸ್ಕ್ರೀನ್‌ಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಝಿಂಕ್ ಆಕ್ಸೈಡ್ ಇರುವ ಬಿಳಿ ಕ್ರೀಮಿಗೆ. ಹಚ್ಚಿಕೊಂಡರೆ ಮುಖ ಸುಣ್ಣ ಹೊಡೆದ ಗೋಡೆಯಂತೆ ಕಾಣುತ್ತದೆ, ಬೆಲೆ ಹೆಚ್ಚು, ತೊಳೆದರೆ ಸುಲಭಕ್ಕೆ ಹೋಗುವುದೂ ಇಲ್ಲ. ಆದರೂ ಅದೇ. ಯಾಕೆ ಅಂತ ತಿಳಿಯಬೇಕಾದರೆ ಅದಕ್ಕೂ ಮುಂಚೆ ಕೊಂಡ ಜೆಲ್ಲಿನ ಕಥೆ ಕೇಳಬೇಕು.

ನಾನು ಗ್ರಾಮ ಆಡಳಿತಾಧಿಕಾರಿ. ಹುದ್ದೆಯ ಹೆಸರು ಏನೇ ಬದಲಾದರೂ ನಮ್ಮ ಮಂದಿ ಕರೆಯುವುದು ತಲಾಠಿ ಅಂತಲೇ. ವಿಜಯಪುರದಲ್ಲಿ ಮನೆ, ತಿಕೋಟಾ ಕಡೆ ಕೆಲಸ, ಓಡಾಟ ಬೈಕಿನ ಮೇಲೆ. ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಜಿಲ್ಲೆಯ ಸರಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಬಿಸಿಲು ತಪ್ಪಿಸಲೆಂದೇ ಮಾಡಿದ ಏರ್ಪಾಡು. ಆದರೆ ದೂರದಿಂದ ಬರುವವನು ಸೂರ್ಯ ನೆತ್ತಿ ಸುಡುವ ಹೊತ್ತಿಗೇ ಹೆಲ್ಮೆಟ್ ಏರಿಸಿಕೊಂಡು ರಸ್ತೆಗೆ ಇಳಿಯಬೇಕು.

ಹೋದ ಬೇಸಿಗೆಯಲ್ಲಿ ಆಲಿಕಲ್ಲು ಬಿದ್ದು ದ್ರಾಕ್ಷಿ ಹಾಳಾಯಿತು. ಹಾನಿ ಬರೆದುಕೊಳ್ಳಲು ಐದು ದಿನ ತೋಟ ತೋಟ ತಿರುಗಿದೆ. ಆರನೇ ದಿನ ಮೂಗಿನ ಮೇಲಿನ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದಿತ್ತು. ಕೆನ್ನೆಯ ಮೇಲೆ ಮೊದಲೇ ಇದ್ದ ಬಂಗು ಇನ್ನಷ್ಟು ಹರಡಿತ್ತು. ಚರ್ಮದ ಡಾಕ್ಟರು ಮುಖ ನೋಡಿ, "ಮುಲಾಮು ಆಮ್ಯಾಲ ಬರಕೊಡತೀನಿ, ಮೊದಲ ಸನ್‌ಸ್ಕ್ರೀನ್ ಹಚ್ಚೂದ ಕಲೀರಿ" ಅಂದರು. ಗಂಡಸು ಮುಖಕ್ಕೆ ಕ್ರೀಮು ಬಳಿದುಕೊಳ್ಳುವುದೇ ಅಂತ ಎರಡು ದಿನ ಮೀಸೆ ತಿರುವಿದೆ. ಮೂರನೇ ದಿನ ಮೆಡಿಕಲ್ ಅಂಗಡಿಗೆ ಹೋದೆ.

ಅಂಗಡಿಯವ ಕೊಟ್ಟದ್ದು ಜೆಲ್. 50 ಗ್ರಾಂಗೆ 280 ರೂಪಾಯಿ. ನೀರಿನಂತೆ ತೆಳ್ಳಗೆ, ಹಚ್ಚಿದ್ದು ಯಾರಿಗೂ ಕಾಣುವುದಿಲ್ಲ, ಜಿಡ್ಡಿಲ್ಲ. ಮೊದಲ ದಿನ ಬೆಳಿಗ್ಗೆ ಹಚ್ಚಿಕೊಂಡು ಹೋದೆ, ಬಹಳ ಖುಷಿಯಾಯಿತು. ಆ ಖುಷಿ ಮಧ್ಯಾಹ್ನ ಒಂದೂವರೆಯತನಕ ಇತ್ತು.

ಮನೆಗೆ ಹೊರಡುವ ಮುಂಚೆ ಇನ್ನೊಮ್ಮೆ ಹಚ್ಚಿಕೊಂಡು ಬೈಕ್ ಏರಿದೆ. ಹೆಲ್ಮೆಟ್ಟಿನ ಒಳಗಿನ ಸ್ಪಂಜು ಹಣೆಯ ಬೆವರನ್ನು ಹೀರಿ ಹೀರಿ ಸಾಕಾಗಿ ಒಂದೇ ಸಲ ಕೆಳಗೆ ಬಿಟ್ಟಿತು. ಬೆವರಿನ ಜೊತೆ ಜೆಲ್ಲೂ ಹುಬ್ಬು ದಾಟಿ ಎಡಗಣ್ಣಿಗೆ ಇಳಿಯಿತು. ಮೆಣಸಿನಕಾಯಿ ಮುರಿದ ಕೈಯಲ್ಲಿ ಕಣ್ಣು ಒರೆಸಿಕೊಂಡ ಹಾಗೆ ಉರಿ. ಒಂದು ಕಣ್ಣು ಮುಚ್ಚಿಕೊಂಡು ಓಡಿಸೋಣ ಅನ್ನುವಷ್ಟರಲ್ಲಿ ಬಲಗಣ್ಣೂ ಹೊತ್ತಿಕೊಂಡಿತು. ಎದುರಿಗೆ ಒಣದ್ರಾಕ್ಷಿ ಬಾಕ್ಸು ಹೇರಿದ ಟೆಂಪೋ. ಹೇಗೆ ಬದಿಗೆ ತಂದೆನೋ ಗೊತ್ತಿಲ್ಲ, ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಬಾಟಲಿಯ ನೀರು ಹೊಯ್ದುಕೊಂಡೆ. ಆ ನೀರೂ ಬಿಸಿಲಿಗೆ ಕಾದಿತ್ತು. ಅಂಗಿಯ ತೋಳಿನಿಂದ ಒರೆಸಿಕೊಂಡರೆ ಉರಿ ಇನ್ನೂ ಜಾಸ್ತಿ, ಯಾಕೆಂದರೆ ತೋಳಿಗೂ ಅದೇ ಜೆಲ್ ಮೆತ್ತಿಕೊಂಡಿತ್ತು. ಅರ್ಧ ತಾಸು ಅಲ್ಲೇ ಕುಳಿತೆ. ದಾರಿಯಲ್ಲಿ ಹೋಗುವವರು ತಲಾಠಿ ಯಾಕೋ ಅಳುತ್ತಿದ್ದಾನೆ ಅಂದುಕೊಂಡಿರಬೇಕು.

ಜೆಲ್ ಕೆಟ್ಟ ಮಾಲಲ್ಲ, ಅದರ ಗುಣವೇ ಹಾಗೆ ಅಂತ ಆಮೇಲೆ ತಿಳಿಯಿತು. ಇಂಥವುಗಳಲ್ಲಿ ಇರುವುದು ಅವೊಬೆಂಜೋನ್ ಮುಂತಾದ ರಾಸಾಯನಿಕಗಳು. ಅವು ಬಿಸಿಲಿನ ಕಿರಣವನ್ನು ತಾವು ಹೀರಿಕೊಂಡು ಚರ್ಮ ಕಾಯುತ್ತವೆ, ಆದರೆ ಬೆವರಿನ ಜೊತೆ ಕಣ್ಣಿಗೆ ಇಳಿದರೆ ಹಲವರಿಗೆ ಉರಿ ತಪ್ಪಿದ್ದಲ್ಲ. ನಾನೂ ಸುಮ್ಮನೆ ಸೋಲಲಿಲ್ಲ. ಹಣೆ ಬಿಟ್ಟು ಕೆನ್ನೆಗೆ ಮಾತ್ರ ಹಚ್ಚಿದೆ, ಹಣೆ ಕರ್ರಗಾಯಿತು. ಹಣೆಗೆ ಟವೆಲ್ ಕಟ್ಟಿ ಮೇಲೆ ಹೆಲ್ಮೆಟ್ ಹಾಕಿದೆ, ಹೆಲ್ಮೆಟ್ ಕೂರಲಿಲ್ಲ. ಹಚ್ಚಿ ಇಪ್ಪತ್ತು ನಿಮಿಷ ಫ್ಯಾನಿನ ಕೆಳಗೆ ಒಣಗಿಸಿ ಹೊರಟೆ. ಉರಿ ಅರ್ಧ ದಾರಿಗೆ ಬದಲು ಮುಕ್ಕಾಲು ದಾರಿಗೆ ಬಂತು, ಅಷ್ಟೇ ಲಾಭ. ಕೊನೆಗೆ ಒಂದು ದಿನ ಟ್ಯೂಬನ್ನು ಬೈಕಿನ ಟ್ಯಾಂಕ್ ಬ್ಯಾಗಿನಲ್ಲೇ ಮರೆತೆ. ಸಂಜೆ ಒತ್ತಿದರೆ ಮೊದಲು ನೀರು, ಹಿಂದಿನಿಂದ ಗಂಟು ಗಂಟು. ಕಾವಿನಲ್ಲಿ ಇಟ್ಟ ಸನ್‌ಸ್ಕ್ರೀನ್ ಒಡೆದುಹೋಗುತ್ತದೆ. ಅಲ್ಲಿಗೆ ಅದರ ಋಣ ತೀರಿತು.

ಇನ್ನು ನಮ್ಮ ಝಿಂಕ್. 50 ಗ್ರಾಂಗೆ 475 ರೂಪಾಯಿ. ಗಟ್ಟಿ, ಬೆಣ್ಣೆಯಂತೆ ಜಾರುವುದಿಲ್ಲ, ಎಳೆದೆಳೆದು ಹಚ್ಚಬೇಕು. ಹಚ್ಚಿಕೊಂಡು ಹೋದ ಮೊದಲ ದಿನವೇ ಚಹಾ ಅಂಗಡಿಯ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಕೇಳಿದರು: "ಯಾಕ್ರೀ ಸಾಹೇಬ್ರ, ಇವತ್ತ ಸೋಮವಾರ ಅಲ್ಲಲ್ಲ, ಮಾರಿ ತುಂಬ ವಿಭೂತಿ ಯಾಕ ಬಡಕೊಂಡೀರಿ?" ಆವತ್ತಿನಿಂದ ನಮ್ಮ ಮನೆಯಲ್ಲೂ ಅದರ ಹೆಸರು ವಿಭೂತಿ ಕ್ರೀಮು.

ಆದರೆ ಅದೇ ಮಧ್ಯಾಹ್ನ, ಅದೇ ರಸ್ತೆ, ಅದೇ ಹೆಲ್ಮೆಟ್, ಅಷ್ಟೇ ಬೆವರು. ಕಣ್ಣಿಗೆ ಇಳಿಯಿತು, ಇಲ್ಲ ಅನ್ನುವುದಿಲ್ಲ. ಉಪ್ಪು ಬೆವರಿನ ಚುರುಕು ಬಿಟ್ಟರೆ ಬೇರೆ ಉರಿ ಇಲ್ಲ. ಎರಡೂ ಕಣ್ಣು ಬಿಟ್ಟುಕೊಂಡು ಮನೆ ಸೇರಿದೆ. ಇದಕ್ಕಿಂತ ಇನ್ನೇನು ಬೇಕು?

ಬಿಳಿ ಬಣ್ಣಕ್ಕೆ ಉಪಾಯವಿದೆ. ಒಂದೇ ಸಲ ಬಳಿಯಬಾರದು. ಅರ್ಧ ಹಚ್ಚಿ, ಹಲ್ಲುಜ್ಜಿ ಬಂದು, ಉಳಿದರ್ಧ ಹಚ್ಚಿದರೆ ಸುಣ್ಣ ಹೋಗಿ ಬೂದಿಯ ಮಟ್ಟಕ್ಕೆ ಇಳಿಯುತ್ತದೆ. ಮೀಸೆಗೆ ಮಾತ್ರ ಉಪಾಯ ಸಿಕ್ಕಿಲ್ಲ. ಕೂದಲ ಬುಡದಲ್ಲಿ ಸಿಕ್ಕಿಕೊಂಡ ಕ್ರೀಮು ಒಣಗಿ, ಮಜ್ಜಿಗೆ ಕುಡಿದು ಬಾಯಿ ಒರೆಸದವನ ಹಾಗೆ ಕಾಣುತ್ತೇನೆ. ಹಳೆಯ ಟೂತ್‌ಬ್ರಶ್ಶಿನಿಂದ ಮೀಸೆ ಬಾಚಿಕೊಂಡು ಹೊರಡುವುದು ಈಗ ರೂಢಿ. ರಾತ್ರಿ ತೆಗೆಯುವಾಗ ಮೊದಲು ನಾಲ್ಕು ಹನಿ ಕೊಬ್ಬರಿ ಎಣ್ಣೆ, ಆಮೇಲೆ ಸೋಪು.

ನನ್ನ ಹೆಂಡತಿಯ ಆಯ್ಕೆ ಬೇರೆ: ಮೈಬಣ್ಣದ ಟಿಂಟೆಡ್ ಕ್ರೀಮು, 650 ರೂಪಾಯಿ. ಬಂಗಿಗೆ ನ್ಯಾಯವಾಗಿ ಅದೇ ಮೇಲು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗನ್ನು ಕಪ್ಪಾಗಿಸುವುದರಲ್ಲಿ ಆ ಬೆಳಕಿನ ಕೈಯೂ ಇದೆ. ಒಂದು ವಾರ ಅವಳದ್ದನ್ನೇ ಕದ್ದು ಹಚ್ಚಿದೆ. ಮೂರು ಬಿಳಿ ಅಂಗಿಯ ಕಾಲರ್ ಕಂದಾದ ಮೇಲೆ ಟ್ಯೂಬನ್ನು ನನ್ನ ಕೈಗೆ ಸಿಗದಂತೆ ಇಟ್ಟಳು. ಕಚೇರಿಯಲ್ಲೇ ಇರುವವರು, ಬಣ್ಣದ ಬಟ್ಟೆ ಉಡುವವರು, ಜೇಬು ಗಟ್ಟಿ ಇರುವವರು ಅದನ್ನೇ ಕೊಳ್ಳಲಿ.

ಸ್ಪ್ರೇ: ನಮ್ಮ ಗಾಳಿಗೆ ಅರ್ಧ ಪಕ್ಕದ ಹೊಲಕ್ಕೆ ಹೋಯಿತು. ಸ್ಟಿಕ್: ಬಿಸಿಲಿಗೆ ಮೇಣದಂತೆ ಮೆತ್ತಗಾಯಿತು, ಮರಳಿ ನೋಡಲಿಲ್ಲ.

ಡಬ್ಬಿಯ ಮೇಲಿನ ಅಂಕಿಗೆ ಮರುಳಾಗಿ ದುಡ್ಡು ಸುರಿಯಬೇಡಿ. ಎಸ್‌ಪಿಎಫ್ 30 ಚರ್ಮ ಸುಡುವ ಯುವಿಬಿ ಕಿರಣದ ಸುಮಾರು 97% ತಡೆದರೆ, 50 ತಡೆಯುವುದು 98%. ಬಂಗಿದ್ದವರು ಪಕ್ಕದಲ್ಲಿ ಬರೆದಿರುವ ಪಿಎ ಪ್ಲಸ್ಸುಗಳನ್ನೂ ಎಣಿಸಬೇಕು, ಅದು ಯುವಿಎ ಲೆಕ್ಕ. ಬಸ್ಸಿನ ಕಿಟಕಿ ಗಾಜನ್ನೂ ದಾಟಿ ಬರುವ ಕಿರಣ ಅದು.

ಅಂಕಿಗಿಂತ ದೊಡ್ಡದು ಅಳತೆ. ಮುಖ, ಕುತ್ತಿಗೆಗೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಬೇಕು. ನಾನು ಮೊದಲು ಕಡಲೆಕಾಳಿನಷ್ಟು ಹಚ್ಚಿ 50ರ ರಕ್ಷಣೆ ಬಯಸುತ್ತಿದ್ದೆ. ಎರಡು ಬೆರಳು ಅಂದರೆ ಹೆಚ್ಚುಕಡಿಮೆ ಒಂದು ಗ್ರಾಂ. ಬೆಳಿಗ್ಗೆ ಒಮ್ಮೆ, ಹೊರಡುವಾಗ ಒಮ್ಮೆ, ಟ್ಯೂಬು 25 ದಿನಕ್ಕೆ ಖಾಲಿ. ಝಿಂಕಿಗೆ ದಿನಕ್ಕೆ 19 ರೂಪಾಯಿ ಬಿತ್ತು, ಜೆಲ್ಲಿಗೆ 11. ಹೊರಗಿದ್ದರೆ ಎರಡು ತಾಸಿಗೊಮ್ಮೆ ಹಚ್ಚಬೇಕು. ಹೊಲಕ್ಕೆ ಹೋದ ದಿನ ಹಾಗೇ ಮಾಡುತ್ತೇನೆ, ಫ್ಯಾನಿನ ಕೆಳಗೆ ಕೂತ ದಿನ ಇಲ್ಲ.

ಕೈಗೂ ಹಚ್ಚುತ್ತ ಹೋದರೆ ಪಗಾರ ಸಾಲದು. ತುಂಬುತೋಳಿನ ಅಂಗಿಯೇ ಸಾಕು. ತಿಕೋಟಾದ ಒಬ್ಬ ಬೆಳೆಗಾರರು ತಮ್ಮ ಒಣದ್ರಾಕ್ಷಿ ಶೆಡ್ಡಿನ ಹಸಿರು ನೆಟ್ ತೋರಿಸಿ ಅಂದರು: "ನೇರ ಬಿಸಿಲ ಬಿದ್ದರ ಮಣೂಕ ಕರ್ರಗ ಆಗತೈತಿ, ರೇಟ ಬೀಳತೈತಿ. ಅದಕ್ಕ ನೆರಳಾಗ ಒಣಗಸ್ತೀವಿ. ನೀವೂ ತಲಿಗೊಂದ ರುಮಾಲ ಸುತ್ತರಿ." ತೋಟದೊಳಗೆ ಈಗ ಸುತ್ತುತ್ತೇನೆ, ರಸ್ತೆಗೆ ಹೆಲ್ಮೆಟ್.

ಈ ಬೇಸಿಗೆಗೆ ಮತ್ತೆ ಎರಡು ವಿಭೂತಿ ಟ್ಯೂಬು ತಂದಿಟ್ಟಿದ್ದೇನೆ, ಮುಗಿಯುವ ದಿನಾಂಕ ನೋಡಿಯೇ. ಒತ್ತಿದರೆ ಇನ್ನೇನೂ ಬರುವುದಿಲ್ಲ ಅನಿಸಿದಾಗ ಟ್ಯೂಬಿನ ಹೊಟ್ಟೆಯನ್ನು ಕತ್ತರಿಯಿಂದ ಕೊಯ್ಯಿರಿ, ಒಳಗೆ ಇನ್ನೂ ಎರಡು ದಿನದ್ದು ಅಂಟಿಕೊಂಡಿರುತ್ತದೆ.