ರೆಡ್ ಆಕ್ಸೈಡ್ ನೆಲ, ಹಾಲೋ ಬ್ಲಾಕ್‌ಗೆ ಹೊಡೆದ ರಿಂಗು: ಕುದುರೆ ಮೈ ತಿಕ್ಕುವ ಜಾಗದಲ್ಲಿ ಈ ತಪ್ಪು ಮಾಡಬೇಡಿ

ಬೆಂಗಳೂರಿನ ಹೊರವಲಯದ ಒಂದು ತೋಟ. ಮೂರೇ ಕುದುರೆಯ ಸಣ್ಣ ಲಾಯ. ಮೈ ತಿಕ್ಕಿ ತೊಳೆಯುವುದಕ್ಕೆ ಅಂತ ಮೂಲೆಯಲ್ಲಿ ಹೊಸದಾಗಿ ಒಂದು ಜಾಗ ಮಾಡಿಸಿದ್ದರು. ನೋಡಲು ಅಂದವಾಗಿರಲಿ ಎಂದು ನೆಲಕ್ಕೆ ರೆಡ್ ಆಕ್ಸೈಡ್, ಗೋಡೆಗೆ ಹಾಲೋ ಬ್ಲಾಕ್, ಅದಕ್ಕೆ ತೂತು ಕೊರೆದು ಪ್ಲಾಸ್ಟಿಕ್ ಪ್ಲಗ್ ಹಾಕಿ ತಿರುಗಿಸಿದ, ಕುದುರೆ ಕಟ್ಟುವ ಒಂದು ರಿಂಗು. ರೇಸಿನಿಂದ ಬಿಡುಗಡೆಯಾದ ಥರೋಬ್ರೆಡ್ ಹೆಣ್ಣು ಕುದುರೆ, ಸುಮಾರು 450 ಕೆ.ಜಿ., ಮೈ ತೊಳೆಸಿಕೊಂಡು ನಿಂತಿತ್ತು. ಪಕ್ಕದ ಮೊಳೆಗೆ ಸಿಕ್ಕಿಸಿದ್ದ ತಗಡಿನ ಬಕೆಟ್ ಜಾರಿ ಢಣ್ ಅಂತ ಬಿತ್ತು.

ಕುದುರೆ ತಲೆ ಎತ್ತಿ ಹಿಂದಕ್ಕೆ ಜಗ್ಗಿತು. ತಲೆಗೆ ಹಾಕಿದ್ದ ನೈಲಾನ್ ಪಟ್ಟಿಗಳ ಹಾಲ್ಟರ್ ಹರಿಯಲಿಲ್ಲ, ನೈಲಾನ್ ಹಗ್ಗವೂ ಹರಿಯಲಿಲ್ಲ. ಒದ್ದೆ ರೆಡ್ ಆಕ್ಸೈಡ್ ಮೇಲೆ ಹಿಂಗಾಲಿನ ಲಾಳ ಎರಡೂ ಜಾರಿ, ಕುದುರೆ ನಾಯಿ ಕೂತ ಹಾಗೆ ಕೂತುಬಿಟ್ಟಿತು. ಬಿಚ್ಚಲು ಓಡಿದ ಸೈಸ್‌ನ (ಕುದುರೆ ನೋಡಿಕೊಳ್ಳುವವನ) ಬೆರಳು ಗಂಟಿಗೂ ರಿಂಗಿಗೂ ನಡುವೆ ಸಿಕ್ಕಿ ಮುರಿಯಿತು. ಅಷ್ಟರಲ್ಲಿ ಬ್ಲಾಕಿನ ಮುಂದಿನ ಸಿಪ್ಪೆಯನ್ನೂ ಹೊತ್ತುಕೊಂಡು ರಿಂಗು ಕಿತ್ತುಬಂತು. ಕುದುರೆ ಎದ್ದು ಓಡಿತು. ಓಡಿದಷ್ಟೂ ಹಗ್ಗದ ತುದಿಯ ಕಬ್ಬಿಣ ಮುಂಗಾಲಿಗೆ ಬಡಿಯುತ್ತಿತ್ತು, ಬಡಿದಷ್ಟೂ ಅದು ಇನ್ನೂ ಜೋರಾಗಿ ಓಡುತ್ತಿತ್ತು. ಬಕೆಟ್ ಬಿದ್ದಲ್ಲಿಂದ ರಿಂಗು ಕೀಳುವವರೆಗೆ ನಾಲ್ಕೈದು ಸೆಕೆಂಡು ಅಷ್ಟೆ.

"ಕುದುರೆಗೆ ಭಯ ಜಾಸ್ತಿ" ಅಂತ ಎಲ್ಲರೂ ಹೇಳುವ ಮಾತು. ಭಯಪಡುವುದು ಕುದುರೆಯ ಹುಟ್ಟುಗುಣ. ಕಿವಿಯ ಹಿಂದೆ ಹಾಲ್ಟರಿನ ಪಟ್ಟಿ ಒತ್ತಿದ ಕೂಡಲೇ ಅದು ಒತ್ತಡದ ವಿರುದ್ಧವೇ ಎಳೆಯುತ್ತದೆ. ಎಳೆದಷ್ಟೂ ಒತ್ತಡ ಜಾಸ್ತಿ, ಒತ್ತಡ ಜಾಸ್ತಿಯಾದಷ್ಟೂ ಎಳೆತ ಜಾಸ್ತಿ. ಇಲ್ಲಿ ತಪ್ಪಿದ್ದು ಕಟ್ಟಡದ ಕೆಲಸ. ಹರಿಯಬೇಕಾದದ್ದು ಹರಿಯಲಿಲ್ಲ, ಹರಿಯಬಾರದ್ದು ಕಿತ್ತುಬಂತು.

ಗೋಡೆಯಿಂದಲೇ ಶುರು ಮಾಡೋಣ. ರಿಂಗು ಯಾವ ಕಾರಣಕ್ಕೂ ಕಿತ್ತುಬರಬಾರದು. 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆಯಾದರೆ 12 ಎಂಎಂ ಬೋಲ್ಟು ಗೋಡೆಯ ಆಚೆ ಬದಿಗೆ ಪೂರ್ತಿ ಹಾದುಹೋಗಬೇಕು; ಪ್ಲಾಸ್ಟರ್, ಪ್ಲೇಟು, ನಟ್ಟು ಎಲ್ಲ ಸೇರಿ 8ರಿಂದ 9 ಇಂಚು ಉದ್ದದ್ದು ಬೇಕಾಗುತ್ತದೆ. ಆಚೆ ಬದಿಯಲ್ಲಿ 6 ಇಂಚು ಚದರದ, 6 ಎಂಎಂ ದಪ್ಪದ ಕಬ್ಬಿಣದ ಪ್ಲೇಟು ಇಟ್ಟು ಎರಡು ನಟ್ಟು ಬಿಗಿಯಬೇಕು. ಆಗ ಎಳೆತ ಒಂದು ತೂತಿನ ಮೇಲೆ ಬೀಳದೆ ಪ್ಲೇಟಿನ ಅಗಲಕ್ಕೂ ಹರಡುತ್ತದೆ. ಹಾಲೋ ಬ್ಲಾಕ್ ಅಥವಾ 4 ಇಂಚಿನ ಗೋಡೆಯಾದರೆ ಅದನ್ನು ನಂಬಲೇಬೇಡಿ. ಪಿಲ್ಲರ್ ಇದ್ದರೆ ಅದಕ್ಕೆ ಕಬ್ಬಿಣದ ಪಟ್ಟಿಯ ಕ್ಲಾಂಪ್ ಸುತ್ತಿಸಿ ರಿಂಗು ವೆಲ್ಡ್ ಮಾಡಿಸಿ. ಇಲ್ಲದಿದ್ದರೆ 10 ಅಡಿಯ 4 ಇಂಚು ಜಿಐ ಪೈಪನ್ನು ಮೂರು ಅಡಿ ಆಳಕ್ಕೆ ಹೂತು, ಒಂದೂವರೆ ಅಡಿ ಅಗಲದ ಗುಂಡಿಗೆ ಕಾಂಕ್ರೀಟ್ ತುಂಬಿಸಿ, ಪೈಪಿನ ಮೇಲ್ತುದಿಗೆ ಮುಚ್ಚಳ ಬಡಿಸಿ. ನಮ್ಮ ಕಡೆಯ ಕಲ್ಲು ಕಂಬವೂ ಆಗುತ್ತದೆ, ಆದರೆ ಹಗ್ಗ ತಾಗುವ ಕಡೆ ಅಂಚು ಉಜ್ಜಿ ದುಂಡಗೆ ಮಾಡಿಸಬೇಕು. ಸೀಳಿದ ಕಲ್ಲಿನ ಅಂಚು ಕುದುರೆಯ ಹಣೆಗೂ ಕಣ್ಣಿಗೂ ಒಳ್ಳೆಯದಲ್ಲ.

ರಿಂಗಿನ ಎತ್ತರ ನೆಲದಿಂದ 5 ಅಡಿ, ಅಂದರೆ 15 ಹ್ಯಾಂಡ್ (ಒಂದು ಹ್ಯಾಂಡ್ 4 ಇಂಚು) ಕುದುರೆಯ ಹೆಗಲಿನ ಮಟ್ಟ. ದನದ ಕೊಟ್ಟಿಗೆಯ ಅಭ್ಯಾಸದಲ್ಲಿ ಗೋದಲಿಯ ಕೆಳಗೆ, ಮೊಣಕಾಲೆತ್ತರಕ್ಕೆ ರಿಂಗು ಹಾಕಿಸುವವರಿದ್ದಾರೆ. ಹಸುವಿಗೆ ಅದು ಸರಿ. ಕುದುರೆ ಒಂದು ಸಲ ಕಾಲು ಕೆರೆದರೆ ಸಾಕು, ಮುಂಗಾಲು ಹಗ್ಗದ ಆಚೆ ಹೋಗಿ ಸಿಕ್ಕಿಕೊಳ್ಳುತ್ತದೆ. ರಿಂಗಿನಿಂದ ಹಾಲ್ಟರ್‌ವರೆಗೆ ಹಗ್ಗ ಎರಡು, ಎರಡೂವರೆ ಅಡಿ ಮೀರಬಾರದು.

ಇನ್ನು ಹರಿಯಬೇಕಾದದ್ದು. ರಿಂಗಿಗೆ ನೇರವಾಗಿ ಹಗ್ಗ ಕಟ್ಟಬೇಡಿ. ದಿನಸಿ ಅಂಗಡಿಯಲ್ಲಿ ಸಿಗುವ ಸಣಬಿನ ಸುತಲಿಯಿಂದ ರಿಂಗಿಗೆ ಒಂದು ಕುಣಿಕೆ ಮಾಡಿ, ಹಗ್ಗವನ್ನು ಆ ಕುಣಿಕೆಗೆ ಕಟ್ಟಿ. ಕುದುರೆ ಗಾಬರಿಯಿಂದ ಜಗ್ಗಿದಾಗ ಸುತಲಿ ಹರಿಯುತ್ತದೆ, ರಿಂಗು ಗೋಡೆಯಲ್ಲೇ ಉಳಿಯುತ್ತದೆ, ಕುದುರೆಯ ಜೊತೆ ಹೋಗುವುದು ಬರೀ ಹಗ್ಗ. ಎಷ್ಟು ಎಳೆ ಇರಬೇಕು ಅನ್ನುವುದಕ್ಕೆ ಸುಲಭದ ಪರೀಕ್ಷೆ: ಒಬ್ಬ ಗಂಡಸು ಎರಡೂ ಕೈಯಲ್ಲಿ ಹಿಡಿದು ಮೈಭಾರ ಬಿಟ್ಟು ಜೋತುಬಿದ್ದರೆ ಪಟ್ಟನೆ ಹರಿಯಬೇಕು. ಪ್ಲಾಸ್ಟಿಕ್ ಸುತಲಿ ಬೇಡ, ಅದು ಹರಿಯುವುದಕ್ಕೆ ಮುಂಚೆ ಬೇರೇನೋ ಮುರಿದಿರುತ್ತದೆ. ಹಾಲ್ಟರ್ ಸಹ ಪೂರ್ತಿ ನೈಲಾನಿನದ್ದಾಗಿರದೆ, ಕಿವಿಯ ಹಿಂದಿನ ಪಟ್ಟಿಯಾದರೂ ಚರ್ಮದ್ದಿರಲಿ.

"ಒಂದು ಸಲ ಹರಿದುಕೊಳ್ಳುವುದು ಕಲಿತರೆ ದಿನಾ ಹರಿಯುತ್ತದೆ" ಎಂದು ಹಳೇ ಸೈಸ್‌ಗಳು ಹೇಳುವುದರಲ್ಲಿ ಸುಳ್ಳಿಲ್ಲ. ಅಂಥ ಕುದುರೆಯನ್ನು ಗಟ್ಟಿಯಾಗಿ ಕಟ್ಟಿದರೆ ರೋಗ ವಾಸಿಯಾಗುವುದಿಲ್ಲ, ಕುತ್ತಿಗೆ ಉಳುಕುತ್ತದೆ ಅಷ್ಟೆ. ಅದಕ್ಕೆ 10–12 ಅಡಿ ಹಗ್ಗ ಹಿಡಿತದಲ್ಲೇ ನಿಧಾನಕ್ಕೆ ಜಾರಿ ಹೋಗುವಂಥ ಬ್ಲಾಕರ್ ರಿಂಗು ಬೇರೆಯೇ ಇದೆ, ಅದರಲ್ಲಿ ಅಭ್ಯಾಸ ಮಾಡಿಸಬೇಕು.

ಗಂಟು ತುದಿ ಎಳೆದರೆ ಬಿಚ್ಚಿಕೊಳ್ಳುವಂಥದ್ದೇ ಆಗಬೇಕು. ಆದರೆ ತೆಳು ನೈಲಾನ್ ಹಗ್ಗ ಒದ್ದೆಯಾಗಿ ಬಿಗಿದರೆ ಆ ಗಂಟೂ ಕಚ್ಚಿಕೊಳ್ಳುತ್ತದೆ. 18–20 ಎಂಎಂ ದಪ್ಪದ ಹತ್ತಿ ಹಗ್ಗ ಕೈಗೂ ಹಿತ, ಬಿಚ್ಚಲೂ ಸುಲಭ. ಜಾಣ ಕುದುರೆ ಹಲ್ಲಿನಿಂದ ತುದಿ ಎಳೆದು ಬಿಚ್ಚಿಕೊಳ್ಳುತ್ತದೆ ಅಂತ ತುದಿಯನ್ನು ಕುಣಿಕೆಯೊಳಗೆ ತೂರಿಸುತ್ತಾರಲ್ಲ, ಅದು ಬೇಡ. ಅವಸರಕ್ಕೆ ಬಿಚ್ಚಲಾಗುವುದಿಲ್ಲ. ಕಟ್ಟುವಾಗ ಬೆರಳು ಎಂದೂ ಕುಣಿಕೆಯೊಳಗೆ ಇರಬಾರದು ಎನ್ನುವುದನ್ನು ಹೊಸಬರಿಗೆ ದಿನಾ ಹೇಳಿದರೂ ಕಡಿಮೆಯೇ.

ಎರಡೂ ಬದಿಯಿಂದ ಕಟ್ಟುವ ಕ್ರಾಸ್ ಟೈ ಈಗ ಫ್ಯಾಷನ್. ವಿದೇಶಿ ಲಾಯಗಳ ಫೋಟೊ ನೋಡಿ ಮಾಡಿಸುತ್ತಾರೆ. ಎರಡು ಮೂರು ಕುದುರೆಯ ಲಾಯಕ್ಕೆ ಒಂದೇ ರಿಂಗು ಧಾರಾಳ ಸಾಕು ಅನ್ನುವುದು ಈ ಬರಹದ ಪಕ್ಷ. ಮಾಡಿಸಲೇಬೇಕೆಂದರೆ 10 ಅಡಿ ಅಗಲದ ಜಾಗ, 6 ಅಡಿ ಎತ್ತರಕ್ಕೆ ಎರಡೂ ಬದಿ ರಿಂಗು, ಎರಡು ಹಗ್ಗದ ತುದಿಗಳು ಮಧ್ಯದಲ್ಲಿ ಮುಟ್ಟುವಷ್ಟು ಉದ್ದ, ಎರಡೂ ಕಡೆ ಸುತಲಿ. ಗೋಡೆಯ ತುದಿಯಲ್ಲೇ ಪ್ಯಾನಿಕ್ ಸ್ನ್ಯಾಪ್ ಇರಲಿ, ಒದ್ದಾಡುವ ತಲೆಯ ಹತ್ತಿರ ಹೋಗದೆ ಬಿಡಿಸಬಹುದು. ಮಾಮೂಲಿ ಕೊಕ್ಕೆ ಭಾರ ಬಿದ್ದಾಗ ಬಿಚ್ಚುವುದಿಲ್ಲ, ಪ್ಯಾನಿಕ್ ಸ್ನ್ಯಾಪ್ ಬಿಚ್ಚುತ್ತದೆ. ತುಕ್ಕು ಹಿಡಿದರೆ ಅದೂ ಬಿಚ್ಚುವುದಿಲ್ಲ, ತಿಂಗಳಿಗೊಮ್ಮೆ ಎಣ್ಣೆ ಬಿಡಿ. ಎಲಾಸ್ಟಿಕ್ ಹಗ್ಗವಂತೂ ಬೇಡವೇ ಬೇಡ. ತುಂಡಾದರೆ ತುದಿಯ ಕೊಕ್ಕೆ ಕವಣೆ ಕಲ್ಲಿನಂತೆ ಹಾರಿ ಬರುತ್ತದೆ. ಕ್ರಾಸ್ ಟೈನಲ್ಲಿ ನಿಂತ ಕುದುರೆಯನ್ನು ಚಹಾ ಕುಡಿದು ಬರುತ್ತೇನೆ ಅಂತ ಬಿಟ್ಟು ಹೋಗುವ ಹಾಗಿಲ್ಲ.

ನೆಲದ ವಿಷಯಕ್ಕೆ ಬಂದರೆ, ಮನೆಯ ನೆಲಕ್ಕೆ ಒಪ್ಪುವ ಯಾವುದೂ ಇಲ್ಲಿಗೆ ಒಪ್ಪುವುದಿಲ್ಲ. ರೆಡ್ ಆಕ್ಸೈಡ್, ಕಡಪ ಕಲ್ಲು, ಪಾಲಿಶ್ ಗ್ರಾನೈಟ್, ಟೈಲ್ಸ್, ಎಲ್ಲವೂ ನೀರು ಮತ್ತು ಕಬ್ಬಿಣದ ಲಾಳ ಸೇರಿದರೆ ಎಣ್ಣೆ ಬಳಿದ ಹಾಗೆ. ನೆಲ ಗಟ್ಟಿ ಮಾಡಿ 4–5 ಇಂಚು ಎಂ20 ಕಾಂಕ್ರೀಟ್ ಹಾಕಿಸಿ, ಅದು ಬಿಗಿಯುವ ಮುನ್ನ ಗಟ್ಟಿ ಪೊರಕೆಯಿಂದ ಅಡ್ಡಡ್ಡ ಗೆರೆ ಎಳೆಸಿ. ಮೇಸ್ತ್ರಿ ಅಭ್ಯಾಸ ಬಲದಿಂದ ಕೊನೆಗೊಮ್ಮೆ ಕರಣೆ ಆಡಿಸಿ ನುಣುಪು ಮಾಡಿಬಿಡುತ್ತಾರೆ. ಆ ಹೊತ್ತಿಗೆ ಪಕ್ಕದಲ್ಲೇ ನಿಂತಿರಿ. ಇಳಿಜಾರು ಅಡಿಗೆ ಕಾಲು ಇಂಚು, ಅಂದರೆ 12 ಅಡಿಗೆ 3 ಇಂಚು. ಅದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ತೀರಾ ಹೆಚ್ಚಾದರೆ ಕುದುರೆ ನೇರವಾಗಿ ನಿಲ್ಲದೆ ಒಂದೇ ಕಾಲಿಗೆ ಭಾರ ಹಾಕುತ್ತದೆ. ಈಗಾಗಲೇ ನುಣುಪು ನೆಲ ಮಾಡಿಸಿಬಿಟ್ಟಿದ್ದರೆ ಉಳಿಯಿಂದ ಕಚ್ಚು ಹೊಡೆಸಿ, ಸಿಮೆಂಟ್ ತಿಳಿ ಎರಚಿ, ಮೇಲೆ 3 ಇಂಚು ಹೊಸ ಕಾಂಕ್ರೀಟ್ ಹಾಕಿಸುವುದೇ ದಾರಿ. ನೆಲದಿಂದ ರಿಂಗಿಗೂ ಮಾಡಿಗೂ ಇರುವ ಎತ್ತರ ಕಡಿಮೆಯಾಗುತ್ತದೆ ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ಹೈನುಗಾರಿಕೆಯವರು ಬಳಸುವ ಕೌ ಮ್ಯಾಟ್ ಇದಕ್ಕೂ ನಡೆಯುತ್ತದೆ, 17–18 ಎಂಎಂ ದಪ್ಪದ್ದೇ ತನ್ನಿ. ನುಣುಪು ನೆಲದ ಮೇಲೆ ಮ್ಯಾಟ್ ಹಾಸಿಬಿಟ್ಟರೆ ಆಯಿತು ಅಂದುಕೊಳ್ಳಬೇಡಿ. ಅಡಿಗೆ ನೀರು ಸೇರಿದಾಗ ಮ್ಯಾಟೇ ಕುದುರೆ ಸಮೇತ ಜಾರುತ್ತದೆ. ಸುತ್ತ ಗೋಡೆಗೆ ಅಥವಾ ನೆಲದಲ್ಲಿ ಹುದುಗಿಸಿದ ಆಂಗಲ್‌ಗೆ ಒತ್ತಿ ಕೂರಬೇಕು, ಮ್ಯಾಟಿನ ಅಡಿಯ ಗೀರುಗಳು ಇಳಿಜಾರಿನ ದಿಕ್ಕಿಗೇ ಇರಬೇಕು. ವಾರಕ್ಕೊಮ್ಮೆ ಎತ್ತಿ ತೊಳೆಯದಿದ್ದರೆ ಅಡಿಯಲ್ಲಿ ಗಂಜಲ ನಿಂತು ಕಣ್ಣಿಗೆ ಉರಿ ಹತ್ತುವ ಅಮೋನಿಯ ವಾಸನೆ ಏಳುತ್ತದೆ.

ಚರಂಡಿ ಕುದುರೆಯ ಕಾಲಡಿ ಬರಬಾರದು. ಹಿಂದೆ ಅಥವಾ ಪಕ್ಕದ ಗೋಡೆಗುಂಟ 4 ಇಂಚಿನ ತೋಡು, ಮೇಲೆ ಗಟ್ಟಿ ಕಬ್ಬಿಣದ ಜಾಲರಿ, ಸಂದು ಅರ್ಧ ಇಂಚಿಗಿಂತ ಹೆಚ್ಚಿಲ್ಲ. ಅಗಲ ಸಂದಿಗೆ ಲಾಳದ ಹಿಮ್ಮಡಿ ಸಿಕ್ಕಿದರೆ ಕುದುರೆ ಕಾಲು ಎಳೆದುಕೊಳ್ಳುತ್ತದೆ, ಲಾಳ ಗೊರಸಿನ ತುಂಡನ್ನೂ ಕಿತ್ತುಕೊಂಡು ಅಲ್ಲೇ ಉಳಿಯುತ್ತದೆ. ಬಚ್ಚಲುಮನೆಯ ಸ್ಟೀಲ್ ಜಾಲರಿ ಮೊದಲ ವಾರದಲ್ಲೇ ಬಾಗುತ್ತದೆ. ನಲ್ಲಿ ಪೈಪಿನಲ್ಲಿ ನಿಮಿಷಕ್ಕೆ 10 ಲೀಟರ್ ಬಂದರೂ ಹತ್ತು ನಿಮಿಷದ ಸ್ನಾನಕ್ಕೆ 100 ಲೀಟರ್. ಜೊತೆಗೆ ಕೂದಲು, ಲದ್ದಿ, ಹುಲ್ಲು. ಹಾಗಾಗಿ 4 ಇಂಚು ಪೈಪು, ಅದಕ್ಕೂ ಮೊದಲು ಒಂದೂವರೆ ಅಡಿ ಚದರದ ಚೇಂಬರ್, ಅದರಲ್ಲಿ ಎತ್ತಿ ತೆಗೆಯಬಹುದಾದ ಮೆಶ್ ಬುಟ್ಟಿ.

ಅಗಲ 10 ಅಡಿ, ಉದ್ದ 12 ಅಡಿ ಬೇಕು ಅನ್ನುವುದು ಆಡಂಬರಕ್ಕಲ್ಲ. ಎರಡೂವರೆ ಅಡಿ ಅಗಲದ ಕುದುರೆ ನಡುವೆ ನಿಂತರೆ ಪ್ರತಿ ಬದಿಗೆ ಮೂರು ಚಿಲ್ಲರೆ ಅಡಿ ಉಳಿಯುತ್ತದೆ. ಆರಡಿ ಓಣಿಯಲ್ಲಿ ಕುದುರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ತಿಕ್ಕುವವನು ಗೋಡೆಗೆ ಅಪ್ಪಳಿಸುತ್ತಾನೆ. ಮಾಡು 10 ಅಡಿಗಿಂತ ಕೆಳಗಿರಬಾರದು, 12 ಇದ್ದರೆ ನಿಶ್ಚಿಂತೆ. ಬರೀ ಶೀಟಿನ ಮಾಡಾದರೆ ಸೆಪ್ಟೆಂಬರ್ ಸಂಜೆಯ ಮಳೆ ಅದರ ಮೇಲೆ ಸದ್ದು ಮಾಡಿ ಶುರುವಾದಾಗ ಕುದುರೆಯನ್ನು ಅಲ್ಲಿ ಕಟ್ಟಿರಬೇಡಿ.

ಕರೆಂಟಿನ ಬಗ್ಗೆ ಉಡಾಫೆ ಬೇಡ. ಒದ್ದೆ ಮೈ, ಒದ್ದೆ ನೆಲ, ನಾಲ್ಕೂ ಕಾಲಿಗೆ ಕಬ್ಬಿಣ: ನಮಗೆ ಜುಮ್ ಅನ್ನಿಸುವಷ್ಟು ಸೋರಿಕೆಯೇ ಕುದುರೆಯನ್ನು ಕೆಡವಬಹುದು. ಆ ಜಾಗದ ಲೈನಿಗೆ ಪ್ರತ್ಯೇಕ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು), ಸರಿಯಾದ ಅರ್ಥಿಂಗ್, ನೀರು ಸಿಡಿಯದ ಮುಚ್ಚಳದ ಸಾಕೆಟ್, ಅದೂ ಕುದುರೆಯ ಮೂತಿಗೆ ಎಟುಕದ ಕಡೆ. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಮನೆಯ ಹಳೇ ಟೇಬಲ್ ಫ್ಯಾನ್ ತಂದಿಡಬೇಡಿ, ಮೋಟಾರಿನೊಳಗೆ ಕೂದಲು, ಧೂಳು ತುಂಬಿ ಕಾದರೆ ಪಕ್ಕದಲ್ಲೇ ಒಣಹುಲ್ಲು ಇರುತ್ತದೆ. ದೀಪ ತಲೆಯ ಮೇಲೊಂದೇ ಇದ್ದರೆ ಹೊಟ್ಟೆಯಡಿ, ಗೊರಸಿನ ಬಳಿ ಕತ್ತಲು. ಎರಡೂ ಗೋಡೆಗೆ ಒಂದೊಂದು ಮುಚ್ಚಳವಿರುವ ಎಲ್‌ಇಡಿ ಟ್ಯೂಬ್ ಹಾಕಿಸಿ.

ಗೋಡೆಯಲ್ಲಿ ಮೊಳೆ ಬೇಡ. ಬಕೆಟ್ ರಬ್ಬರಿನದ್ದಿರಲಿ, ಸಾಮಾನಿನ ಪೆಟ್ಟಿಗೆ ಕುದುರೆಯ ಮೂತಿಯೂ ಹಿಂಗಾಲೂ ತಲುಪದಷ್ಟು ದೂರ ಇರಲಿ. ಬ್ರಷ್ಷು ಕುದುರೆಗೊಂದು. ಒಂದೇ ಬ್ರಷ್ಷಿನಿಂದ ಎಲ್ಲಕ್ಕೂ ತಿಕ್ಕಿದರೆ ಹುಳುಕಡ್ಡಿ ಒಂದರಿಂದ ಮೂರಕ್ಕೆ ಹರಡುತ್ತದೆ, ತಿಕ್ಕುವವನ ಕೈಗೂ ಹತ್ತುತ್ತದೆ. ಕೂದಲು ತೆಗೆದು ಸೋಪಿನಲ್ಲಿ ತೊಳೆದು, ಹತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಹತ್ತು ನಿಮಿಷ ನೆನೆಸಿ ಬಿಸಿಲಿಗೆ ಹಾಕಿ.

ಅದೇ ಶೆಲ್ಫಿನಲ್ಲಿ ಹಸುವಿನ ಉಣುಗಿಗೆ ತಂದ ಔಷಧಿ ಇದೆಯೇ ನೋಡಿ. ಲೇಬಲ್‌ನಲ್ಲಿ ಅಮಿಟ್ರಾಜ್ ಎಂದಿದ್ದರೆ ಇಂದೇ ಅಲ್ಲಿಂದ ತೆಗೆಯಿರಿ. ಹಸುವಿಗೆ ಒಗ್ಗುವ ಅದು ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸಿ, ಲದ್ದಿ ಕಟ್ಟಿ, ಹೊಟ್ಟೆಶೂಲೆಗೆ ತರುತ್ತದೆ. ಹಸುವೂ ಕುದುರೆಯೂ ಇರುವ ತೋಟದಲ್ಲಿ ಸ್ಪ್ರೇ ಬಾಟಲಿಯೂ ಬೇರೆಯಾಗಿರಬೇಕು.

ಕೆಲಸ ಮುಗಿದ ಮೇಲೆ, ಕುದುರೆ ತರುವ ಮುನ್ನ ನಾಲ್ಕು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಡಿ, ನೀರು ನಿಂತ ಕಡೆ ಸುಣ್ಣದಲ್ಲಿ ಗುರುತು ಮಾಡಿ ಮೇಸ್ತ್ರಿಯ ಲೆಕ್ಕ ಚುಕ್ತಾ ಮಾಡುವ ಮುಂಚೆಯೇ ಸರಿ ಮಾಡಿಸಿ. ಇಬ್ಬರು ಸೇರಿ ರಿಂಗಿಗೆ ಜೋತುಬೀಳಿ. ಪ್ಲಾಸ್ಟರಿನಲ್ಲಿ ಕೂದಲೆಳೆಯ ಬಿರುಕು ಬಂದರೂ ಬಿಚ್ಚಿಸಿ. ಆಮೇಲೆ ಮೊದಲ ಒಂದು ವಾರ ಕುದುರೆಯನ್ನು ಅಲ್ಲಿ ಕಟ್ಟಲೇಬೇಡಿ. ಹಗ್ಗವನ್ನು ಕುಣಿಕೆಯಲ್ಲಿ ಸುಮ್ಮನೆ ತೂರಿಸಿ ತುದಿ ಕೈಯಲ್ಲಿ ಹಿಡಿದು, ಒಣ ನೆಲದ ಮೇಲೆ ದಿನಕ್ಕೆ ಐದು ನಿಮಿಷ ನಿಲ್ಲಿಸಿ, ಮೈ ತಿಕ್ಕಿ, ವಾಪಸ್ ಕರೆದೊಯ್ಯಿರಿ. ನೀರಿನ ಪೈಪು ಎರಡನೇ ವಾರಕ್ಕೆ.