ಟರ್ಬೊ ಹಾಕಿಸೋರೇ, ಯಾವ ಇಸಿಯು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ

ಕಾರಿಗೆ ಟರ್ಬೊ (ಎಂಜಿನ್‌ಗೆ ಒತ್ತಡದಿಂದ ಹೆಚ್ಚು ಗಾಳಿ ತುಂಬುವ ಸಾಧನ) ಹಾಕಿಸಬೇಕು ಅಂತಿರುವವರು ದಯವಿಟ್ಟು ಪೂರ್ತಿ ಓದಿ. ಕೋಪದಲ್ಲೇ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಿರಬಹುದು.

ನನ್ನದು ಹಳೇ ಹೋಂಡಾ ಸಿಟಿ, 1.5 ವಿಟೆಕ್. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಟರ್ಬೊ ಹಾಕಿಸಿದೆ. ಬೂಸ್ಟ್ (ಟರ್ಬೊ ಕೊಡುವ ಹೆಚ್ಚಿನ ಗಾಳಿ ಒತ್ತಡ) ಅರ್ಧ ಬಾರ್ ಸಾಕು, ಆದರೆ ಸ್ಟಾಂಡ್‌ಅಲೋನ್ ಇಸಿಯು (ಕಂಪನಿಯದರ ಬದಲು ಹಾಕುವ, ಎಂಜಿನ್ ನಡೆಸುವ ಕಂಪ್ಯೂಟರ್), ಪೆಟ್ರೋಲ್ ಸುರಿಯೋಕೆ ದೊಡ್ಡ ಇಂಜೆಕ್ಟರ್, ಗಾಳಿ-ಪೆಟ್ರೋಲ್ ಪ್ರಮಾಣವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇರಲೇಬೇಕು ಅಂತ ಮೊದಲೇ ಹೇಳಿದ್ದೆ. "ಅದಿಲ್ದೆ ನಾವು ಟರ್ಬೊ ಕೆಲ್ಸಾನೇ ಮಾಡಲ್ಲ ಸಾರ್" ಅಂದ ಗ್ಯಾರೇಜಿನವನು. ಇಸಿಯುಗೆ ಅಂತಲೇ ಬೇರೆ ಅಡ್ವಾನ್ಸ್ ತಗೊಂಡ. ಬಿಲ್ಲಿನಲ್ಲಿ ಮಾತ್ರ "ಟರ್ಬೊ ಕಿಟ್, ಟ್ಯೂನಿಂಗ್ ಸಮೇತ" ಅಂತ ಒಂದೇ ಸಾಲು.

ಕಾರು ಕೈಗೆ ಬಂದಾಗ ಸ್ಟೀರಿಂಗ್ ಪಕ್ಕ ಒಂದು ಮೀಟರ್. ಕೆಂಪು, ಹಳದಿ, ಹಸಿರು ಲೈಟು. "ಇದೇ ಎಎಫ್‌ಆರ್ ಸಾರ್, ಹಸಿರು ಇದ್ರೆ ಆರಾಮಾಗಿ ಒತ್ತಿ." ಎಎಫ್‌ಆರ್ ಅಂದರೆ ಗಾಳಿ-ಪೆಟ್ರೋಲ್ ಪ್ರಮಾಣ.

ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಎಳೆಯುವಾಗ ಎಂಜಿನ್ ಕಟಕಟ ಅಂತು. ಲೈಟು ಹಸಿರೇ ಇತ್ತು! ಫೋನ್ ಮಾಡಿದರೆ "ಪೆಟ್ರೋಲ್ ಸರಿ ಇಲ್ಲ ಸಾರ್, ಬಂಕ್ ಬದಲಾಯ್ಸಿ." ಬದಲಾಯಿಸಿದೆ. ಮತ್ತೆ ಅದೇ ಸದ್ದು. ಕೊನೆಗೆ ಸೈಲೆನ್ಸರ್‌ನಿಂದ ನೀಲಿ ಹೊಗೆ, ಐಡಲ್‌ನಲ್ಲೇ ಗಾಡಿ ನಡುಗೋಕೆ ಶುರು.

ಬೇರೆ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು, "ಇಲ್ಲಿ ನೋಡಿ ಸಾರ್, ಯಾವ ಇಸಿಯು ಅಂದ್ರಿ?" ಅಂದರು. ಅಲ್ಲಿ ಇದ್ದದ್ದು ಕಂಪನಿಯ ಇಸಿಯು ಒಂದೇ. ಮೇಲೆ ಧೂಳು, ಸ್ಕ್ರೂ ಕೂಡ ಮುಟ್ಟಿಲ್ಲ. ಅವರ ಹುಡುಗರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಮೀಟರಿನ ವೈರು ಕಂಪನಿಯ ಆಕ್ಸಿಜನ್ ಸೆನ್ಸರ್‌ಗೇ ಹೋಗಿತ್ತು. ಆ ಸೆನ್ಸರ್‌ಗೆ ಗೊತ್ತಾಗುವುದು ಎಎಫ್‌ಆರ್ 14.7ರ (ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ) ಆಚೆಯೋ ಈಚೆಯೋ ಅಂತ ಅಷ್ಟೇ. ಫುಲ್ ಬೂಸ್ಟ್‌ನಲ್ಲಿ 11.5ರಿಂದ 12 ಇರಬೇಕು. 13.5 ಇದ್ದರೂ, ಅಂದರೆ ಪೆಟ್ರೋಲ್ ಸಾಲದಿದ್ದರೂ, ಅದು ಹಸಿರೇ ತೋರಿಸುತ್ತದೆ.

ಬಾನೆಟ್ ಒಳಗೆ ಪೆಟ್ರೋಲ್ ರಿಟರ್ನ್ ಪೈಪಿನಲ್ಲಿ ಒಂದು ರೆಗ್ಯುಲೇಟರ್. ಬೂಸ್ಟ್ ಬಂದಾಗ ರಿಟರ್ನ್ ಹಿಡಿದು ಪ್ರೆಶರ್ ಏರಿಸುತ್ತದೆ. ಇದೇ ಆತ ಹಾಕಿದ ಫ್ಯೂಯಲ್ ಮ್ಯಾನೇಜ್‌ಮೆಂಟ್! ಅರ್ಧ ಬಾರ್ ಬೂಸ್ಟ್ ಅಂದರೆ ಗಾಳಿ ಸುಮಾರು ಒಂದೂವರೆ ಪಟ್ಟು. ಪೆಟ್ರೋಲೂ ಅಷ್ಟೇ ಜಾಸ್ತಿ ಬೇಕು. ಆದರೆ ಪ್ರೆಶರ್ ನಾಲ್ಕು ಪಟ್ಟು ಮಾಡಿದರೆ ಇಂಜೆಕ್ಟರ್ ಸುರಿಯುವುದು ಎರಡೇ ಪಟ್ಟು. ಬರೀ ಪ್ರೆಶರ್‌ನಿಂದಲೇ ಒಂದೂವರೆ ಪಟ್ಟು ಬರಬೇಕಾದರೆ 3 ಬಾರ್ ಇದ್ದದ್ದು 7 ಬಾರ್ ಹತ್ತಿರ ಹೋಗಬೇಕು. ಟ್ಯಾಂಕಿನಲ್ಲಿರುವ ಹಳೇ ಪಂಪು ಎಲ್ಲಿಂದ ತರುತ್ತೆ? ಸಾಲದ್ದಕ್ಕೆ ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಕೆಳಗೆ ಚೆಕ್ ವಾಲ್ವ್ ಹಾಕಿ ಬೂಸ್ಟನ್ನೇ ಇಸಿಯುಗೆ ಮುಚ್ಚಿಟ್ಟಿದ್ದ. ಬೂಸ್ಟ್ ಇದೆ ಅಂತಲೇ ಗೊತ್ತಿಲ್ಲದ ಇಸಿಯು ಆ ಕಟಕಟ ತಡೆಯೋಕೆ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಕೊಡುವ ಹೊತ್ತು) ತಡ ಮಾಡುವುದಾದರೂ ಹೇಗೆ?

ಹೆಡ್ ಬಿಚ್ಚಿ ಪಿಸ್ಟನ್ ಹೊರಗೆ ತೆಗೆದರೆ ಮೂರನೇದರ ರಿಂಗ್ ಲ್ಯಾಂಡ್ (ಪಿಸ್ಟನ್ ರಿಂಗುಗಳ ನಡುವಿನ ಅಂಚು) ಮುರಿದು ಚೂರು ಕೈಗೇ ಬಂತು. ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆಲ್ಲ ಸಾಸಿವೆಗಿಂತ ಸಣ್ಣ ಬೂದು ಚುಕ್ಕಿ, ಕರಗಿದ ಅಲ್ಯೂಮಿನಿಯಂ.

ಟರ್ಬೊ ಹಾಕಿದವನಿಗೆ ಫೋಟೊ ಕಳಿಸಿ ಕೇಳಿದೆ. ಉತ್ತರಗಳು ಹೀಗಿದ್ದವು. "ಎಲ್ರೂ ಇದನ್ನೇ ಹಾಕ್ಸ್ಕೊಳ್ಳೋದು ಸಾರ್." "ಸ್ಟಾಂಡ್‌ಅಲೋನ್ ರೇಸ್ ಕಾರಿಗೆ, ನಿಮಗ್ಯಾಕೆ?" "ನೀವು ಜಾಸ್ತಿ ಒತ್ತಿದ್ರಿ." ಹಾಗಾದರೆ ಇಸಿಯು ದುಡ್ಡು ಯಾಕೆ ತಗೊಂಡೆ ಅಂದರೆ, "ಅದು ಟ್ಯೂನಿಂಗ್ ಚಾರ್ಜ್ ಸಾರ್, ಬಿಲ್ ನೋಡಿ." ಬಿಲ್ ನೋಡಬೇಕಂತೆ! ಕೊನೆಗೆ, "ಪಿಸ್ಟನ್ ತಂದ್ಕೊಡಿ, ಲೇಬರ್ ಅರ್ಧ ತಗೋತೀನಿ." ಅದಾದ ಮೇಲೆ ಬರೀ ನೀಲಿ ಟಿಕ್.

ನೀವು ಹಾಕಿಸುವುದಾದರೆ ಇಸಿಯು ಮಾಡೆಲ್, ಇಂಜೆಕ್ಟರ್ ಸೈಜು, ಪಂಪು, ಎಲ್ಲಾ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿ. ಲ್ಯಾಪ್‌ಟಾಪ್ ಹಚ್ಚಿ ಇಸಿಯು ಒಳಗಿನ ಮ್ಯಾಪ್ (ಪೆಟ್ರೋಲ್, ಟೈಮಿಂಗ್‌ನ ಪಟ್ಟಿ) ತೆರೆದು ತೋರಿಸಲಿ. ಫುಲ್ ಬೂಸ್ಟ್‌ನ ವೈಡ್‌ಬ್ಯಾಂಡ್ ಲಾಗ್ ಕೈಗೆ ಕೊಡಲಿ, ಆಮೇಲೆ ಬಾಕಿ ದುಡ್ಡು. ಪಿಗ್ಗಿಬ್ಯಾಕ್ (ಕಂಪನಿಯ ಇಸಿಯು ಜೊತೆಗೇ ಸೇರಿಸುವ ಇನ್ನೊಂದು ಡಬ್ಬಿ) ಸಾಕು ಅಂದರೆ ಪೆಟ್ರೋಲ್ ಜೊತೆ ಟೈಮಿಂಗ್ ಕೂಡ ಬದಲಾಯಿಸುತ್ತಾ ಅಂತ ಕೇಳಿ. ಈಗ ಬಂಕಿನಲ್ಲಿ ಸಿಗುವುದು ಇ20 (ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್), ಅದನ್ನು ಇನ್ನೂ ಸ್ವಲ್ಪ ಜಾಸ್ತಿಯೇ ಸುರಿಯಬೇಕು. ಬರೀ ರೆಗ್ಯುಲೇಟರ್ ಸಾಕು ಅನ್ನುವವನ ಗ್ಯಾರೇಜಿನಿಂದ ಕಾರು ತಿರುಗಿಸಿ ಬನ್ನಿ.

ನನ್ನ ಇಸಿಯು ಅಡ್ವಾನ್ಸ್ ಇನ್ನೂ ಆತನ ಹತ್ತಿರವೇ ಇದೆ. ವಾಪಸ್ ಬರುವವರೆಗೂ ಬಿಡಲ್ಲ.